ಸೈಟು ಮಾಡೋರು ನಾವು

ಕೆಲಸ ಸರಿಯಾಗಿ ನಡೆದ ದಿನದ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಎಡವಟ್ಟಾದ ದಿನದ ಬಗ್ಗೆ ಮಾತ್ರ ಊರೆಲ್ಲ ಹೇಳುತ್ತದೆ. ವಿಶ್ವವಿದ್ಯಾನಿಲಯದ ವೆಬ್ ವಿಭಾಗದಲ್ಲಿ ಕೂತವರು ಇಂಥ ದಿನಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಫೋನ್ ಮಾಡಿಕೊಂಡು ಬರುತ್ತವೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹುಣಸೂರಿನ ಹೊರಗೆ ನಮ್ಮ ಕ್ಯಾಂಪಸ್ಸು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಒಂದೊಂದು ಕೇಂದ್ರ. ಎಲ್ಲ ವಿಭಾಗಗಳಿಗೂ ವೆಬ್‌ಪುಟ ಮಾಡಿಕೊಡುವುದು, ಮಾಡಿದ್ದನ್ನು ಅವರು ಹೇಳಿದಂತೆ ತಿದ್ದುವುದು, ತಿದ್ದಿದ್ದನ್ನು ತೋರಿಸಿ ಮತ್ತೆ ಮೊದಲಿನಂತೆಯೇ ಮಾಡುವುದು, ಇದು ನಮ್ಮ ಕೆಲಸ. ನಾವು ಇದ್ದದ್ದು ಮೂರೇ ಜನ. ನಮ್ಮ ಬಾಸು, ಕುಟ್ಟದ ಕಡೆಯಿಂದ ಬಂದಿದ್ದ ಒಬ್ಬ ಪ್ರೋಗ್ರಾಮರ್, ಮತ್ತೆ ಕಂಪಲಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ನಾನು, ಡಿಸೈನರ್.

ನಮಗೆ ಕೊಟ್ಟ ಕೊಠಡಿ ಅದಕ್ಕೂ ಹಿಂದೆ ರೇಷ್ಮೆ ವಿಭಾಗದವರು ಹುಳು ಸಾಕುತ್ತಿದ್ದ ಜಾಗ. ಬಾಗಿಲ ಮೇಲೆ "ಹುಳುಗಳಿವೆ, ಸದ್ದು ಮಾಡಬೇಡಿ" ಎಂಬ ಬೋರ್ಡು ಹಾಗೇ ಉಳಿದಿತ್ತು. ತೆಗೆಸೋಣವೇ ಎಂದು ಕೇಳಿದೆ. "ಇರಲಿ ಬಿಡಮ್ಮ," ಎಂದರು ಬಾಸು, "ಕ್ಯಾಂಪಸ್ಸಿನಲ್ಲಿ ಪ್ರೊಫೆಸರುಗಳು ಪಿಸುಗುಟ್ಟಿಕೊಂಡು ಒಳಗೆ ಬರೋದು ನಮ್ಮ ರೂಮಿಗೆ ಮಾತ್ರ."

೧. ಕಿಟಕಿ ಮುಚ್ಚಿ

ನಮ್ಮ ಬಾಸು ಕನ್ನಡದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಇಲಾಖೆಗಳಿಗೆ ಫೋನಿನಲ್ಲಿ ನೆರವು ಕೊಡುವಾಗ ಒಂದು ಇಂಗ್ಲಿಷ್ ಪದವೂ ನುಸುಳಬಾರದು ಎಂದು ನಿಯಮ ಮಾಡಿದರು. ವಿಂಡೋಗೆ ಕಿಟಕಿ, ಮೌಸಿಗೆ ಇಲಿ, ಹೋಮ್ ಪೇಜಿಗೆ ಮನೆ.

"ಸಾರ್, ವೈರಸ್ಸಿಗೆ?" ಎಂದ ಪ್ರೋಗ್ರಾಮರ್.

"ವೈರಸ್ಸಿಗೆ ವೈರಸ್ಸೇ. ಕೆಟ್ಟದ್ದಕ್ಕೆಲ್ಲ ನಾವ್ಯಾಕಪ್ಪ ಕನ್ನಡದ ಹೆಸರು ಕೊಡಬೇಕು?"

ಪರೀಕ್ಷೆಯ ಫಲಿತಾಂಶ ಬಂದ ದಿನ ಪಿರಿಯಾಪಟ್ಟಣ ಕೇಂದ್ರದಿಂದ ಸೂಪರಿಂಟೆಂಡೆಂಟರ ಫೋನು ಬಂತು. ಊಟ ಮುಗಿದ ಸಮಯ. ಫಲಿತಾಂಶದ ಪುಟ ತೆರೆಯುತ್ತಿಲ್ಲ, ಹುಡುಗರೆಲ್ಲ ಬಾಗಿಲಲ್ಲಿ ನಿಂತಿದ್ದಾರೆ, ಕಂಪ್ಯೂಟರ್ ಅಲ್ಲಾಡುತ್ತಿಲ್ಲ. ಬಾಸು ತಾವೇ ಫೋನ್ ತೆಗೆದುಕೊಂಡರು.

"ಗಾಬರಿ ಬೇಡ. ಎಷ್ಟು ಕಿಟಕಿ ತೆರೆದಿವೆ ಹೇಳಿ."

ಅತ್ತ ಎದ್ದು ಓಡಾಡಿ ಎಣಿಸಿದ ಸದ್ದು. ಆಮೇಲೆ, "ಐದಾರು ಅವೆ ಸಾರ್. ಒಂದರ ಕೀಲು ಕಿತ್ತೋಗದೆ. ಅದು ಸರಿಯಾಗಿ ಮುಚ್ಚಕಿಲ್ಲ."

ಕೀಲು ಎಂದದ್ದನ್ನು ಬಾಸು ಯಾವುದೋ ಕೀ ಎಂದುಕೊಂಡರು. "ಪರವಾಗಿಲ್ಲ, ಅದನ್ನ ಬಲವಂತವಾಗಿ ಮುಚ್ಚಿ. ಎಲ್ಲ ಕಿಟಕಿನೂ ಮುಚ್ಚಿಬಿಡಿ. ಆಮೇಲೆ ಸೀದಾ ಮನೆಗೆ ಹೋಗಿ."

"ಮನೆಗಾ ಸಾರ್?"

"ಹೌದು, ಮನೆಗೆ. ಮನೆಗೆ ಹೋದ್ರೆ ಎಲ್ಲಾ ಸರಿಹೋಗುತ್ತೆ."

"ಆಗಲಿ ಸಾರ್," ಎಂದರು ಸೂಪರಿಂಟೆಂಡೆಂಟರು. ಅಷ್ಟು ಸಂತೋಷದ ದನಿಯನ್ನು ನಾನು ಸರ್ಕಾರಿ ಫೋನಿನಲ್ಲಿ ಕೇಳಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಬಾಸು ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು, ಇಲ್ಲ. ಕೊನೆಗೆ ಕೇಂದ್ರದ ಎದುರಿನ ಟೀ ಅಂಗಡಿಗೆ ಫೋನ್ ಮಾಡಿದೆವು. ಅಂಗಡಿಯವನು, "ಅಯ್ಯೋ, ಬೀಗ ಜಡ್ಕೊಂಡ್ ಎಲ್ರೂ ಒಂಟೋದ್ರಲ್ಲ! ಹುಣಸೂರಿಂದ ಆಡರ್ ಬಂತಂತೆ. ಹುಡುಗ್ರನ್ನೂ ಕಳ್ಸುದ್ರು. ಒಂದು ಕಿಟಕಿ ಮಾತ್ರ ಮುಚ್ಚಕಾಗ್ದೆ ಹಗ್ಗ ಕಟ್ಟವ್ರೆ," ಎಂದ.

ಬಾಸು ತಲೆಯ ಮೇಲೆ ಕೈ ಹೊತ್ತು ಕೂತರು. ಅಂದು ನಾವು ಫಲಿತಾಂಶದ ಪ್ರತಿಯನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಪಿರಿಯಾಪಟ್ಟಣಕ್ಕೆ ಕಳಿಸಿ, ಟೀ ಅಂಗಡಿಯ ಗೋಡೆಗೇ ಅಂಟಿಸುವಂತೆ ಮಾಡಿದೆವು. ಯಾವ ಹುಡುಗನಿಗೂ ತೊಂದರೆಯಾಗಲಿಲ್ಲ. ಅಂಗಡಿಯವನಿಗಂತೂ ಒಳ್ಳೆಯ ವ್ಯಾಪಾರವಾಯಿತು. ಪಾಸಾದವರೂ ಟೀ ಕುಡಿದರು, ಫೇಲಾದವರೂ ಕುಡಿದರು.

ಮರುದಿನ ಬೆಳಿಗ್ಗೆ ಸೂಪರಿಂಟೆಂಡೆಂಟರು ತಾವಾಗಿಯೇ ನನಗೆ ಫೋನ್ ಮಾಡಿದರು. "ನಿಮ್ ಬಾಸು ಬಲು ಒಳ್ಳೇರು ಕಣಮ್ಮ. ಕಂಪ್ಯೂಟರ್ ಕೆಟ್ರೆ ನಮ್ಮುನ್ನ ಬಯ್ಯೋರೇ ಎಲ್ಲಾ. ಮನೆಗೋಗಿ ಅಂದೋರು ಇವರೊಬ್ರೆಯ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಇವತ್ತೂ ಏನಾರ ಕಿಟಕಿ ಮುಚ್ಚೋದು ಇದ್ದದಾ?"

೨. ಪೂರ್ವಕ್ಕೆ ಮುಖ

ನನ್ನನ್ನು ನೋಡಲು ಕೆ.ಆರ್. ನಗರದ ಕಡೆಯಿಂದ ಗಂಡಿನವರು ಬಂದಿದ್ದರು. ನಾಲೆ ನೀರಿನ ಗದ್ದೆಯವರು. ನಮ್ಮದು ಕಂಪಲಾಪುರದ ಹೊಗೆಸೊಪ್ಪು, ರಾಗಿ. ಹುಡುಗ ಹೈಸ್ಕೂಲು ಮೇಷ್ಟ್ರು, ಬಾಯಿ ಬಿಡದೆ ಕೂತಿದ್ದ. ಮಾತೆಲ್ಲ ಅವನ ಸೋದರಮಾವನದು.

"ಹುಡ್ಗಿ ಏನ್ ಕೆಲ್ಸ ಮಾಡದು?" ಎಂದರು ಸೋದರಮಾವ.

ನಮ್ಮಪ್ಪನಿಗೆ ನನ್ನ ಕೆಲಸ ಅರ್ಥವಾಗಿದ್ದದ್ದು ಅಷ್ಟಕ್ಕಷ್ಟೆ. ಆದರೆ ಹೆಮ್ಮೆ ಪೂರ್ತಿ ಇತ್ತು. "ಯೂನಿವರ್ಸಿಟಿನಾಗೆ ಸೈಟ್ ಮಾಡ್ತಾಳೆ," ಎಂದರು.

ಸೋದರಮಾವ ಕಾಫಿ ಲೋಟ ಕೆಳಗಿಟ್ಟರು. "ಸೈಟಾ? ಎಷ್ಟ್ ಮಾಡವ್ಳೆ?"

"ಏನವ್ವ, ಎಷ್ಟಾಯ್ತು ಇಲ್ಲೀಗಂಟ?" ಅಪ್ಪ ನನ್ನ ಕಡೆ ತಿರುಗಿದರು.

"ಇಪ್ಪತ್ತರ ಹತ್ರ ಹತ್ರ," ಎಂದೆ ನಾನು, ಉಪ್ಪಿಟ್ಟು ಬಡಿಸುತ್ತಾ.

ಸೋದರಮಾವ ಪಕ್ಕದವರನ್ನು ನೋಡಿದರು. ಪಕ್ಕದವರು ಅವರ ಪಕ್ಕದವರನ್ನು ನೋಡಿದರು. ಇಪ್ಪತ್ತು ಸೈಟಿನ ಹುಡುಗಿ ಉಪ್ಪಿಟ್ಟು ಬಡಿಸುತ್ತಿದ್ದಾಳೆ!

"ನಮ್ ಹುಡ್ಗನ ಹೆಸ್ರಿಗೂ ಒಂದ್ ಮಾಡ್ಕೊಡಕಾಯ್ತದಾ?"

"ಓಹೋ, ಅದಕ್ಕೇನಂತೆ. ಒಂದು ದಿನ ಸಾಕು."

"ಒಂದೇ ದಿನಕ್ಕಾ! ರಿಜಿಸ್ಟ್ರೇಶನ್ನು?"

"ಅದೂ ನಾನೇ ಮಾಡಿಸ್ತೀನಿ."

"ಮುಖ ಯಾವ್ ಕಡೀಕ್ ಬತ್ತದೆ? ಪೂರ್ವಕ್ಕಾ?"

ಮುಖಪುಟದ ಮಾತಾಡುತ್ತಿದ್ದಾರೆ ಎಂದುಕೊಂಡೆ ನಾನು. "ನಿಮಗೆ ಹೆಂಗೆ ಬೇಕೋ ಹಂಗೆ ಇಡೋಣ. ಚೆನ್ನಾಗಿ ಕಾಣ್ಲಿಲ್ಲ ಅಂದ್ರೆ ಆಮೇಲೆ ತಿರುಗಿಸಬಹುದು."

ಸೋದರಮಾವ ಇನ್ನೊಂದು ಸಲ ಉಪ್ಪಿಟ್ಟಿಗೆ ತಟ್ಟೆ ಚಾಚಿದರು. ಆಗ ನಾನು ಹುಡುಗನ ಕಡೆ ನೋಡಿದೆ. ಅವನು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸುತ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದ. ಅವನಿಗೆ ವೆಬ್‌ಸೈಟು ಅಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು! ಬಾಯಿ ಬಿಟ್ಟರೆ ಸಂಬಂಧ ಮುರಿದೀತು ಎಂದು ತಡೆದುಕೊಂಡಿದ್ದ. ನನಗೂ ಆಗಲೇ ಹೊಳೆದದ್ದು. ಇಂಥ ಜಾಣನನ್ನು ಬಿಡಬಾರದು ಎಂದುಕೊಂಡು ನಾನೂ ಬಾಯಿ ಮುಚ್ಚಿಕೊಂಡೆ.

ಮದುವೆಯಾಯಿತು. ಸುಖವಾಗಿಯೇ ಇದ್ದೇವೆ. ಸೋದರಮಾವ ಮಾತ್ರ ಮನೆಗೆ ಬಂದಾಗಲೆಲ್ಲ ಎಲೆ ಅಡಿಕೆ ಮೆಲ್ಲುತ್ತಾ ಕೇಳುತ್ತಿದ್ದರು, "ಅಲ್ಲ ಕಣವ್ವ, ಆ ಸೈಟು ಎಲ್ಲೀಗಂಟ ಬಂತು?"

ನಾನು ಇದ್ದದ್ದನ್ನೇ ಹೇಳುತ್ತಿದ್ದೆ. ಆಗಿನ ಕಾಲದಲ್ಲಿ ಅರ್ಧಕ್ಕೆ ನಿಂತ ಎಲ್ಲ ವೆಬ್‌ಪುಟಗಳ ಮೇಲೂ ಬರೆದಿರುತ್ತಿದ್ದ ಮಾತು ಅದು: "ಅಂಡರ್ ಕನ್‌ಸ್ಟ್ರಕ್ಷನ್, ಮಾವ."

೩. ಅಜ್ಞಾತ ಲಿಪಿ

ಆಗೆಲ್ಲ ಕನ್ನಡದ ಪುಟ ಕನ್ನಡದಲ್ಲೇ ಕಾಣಬೇಕಾದರೆ, ನೋಡುವವರ ಕಂಪ್ಯೂಟರಿನಲ್ಲೂ ನಾವು ಬಳಸಿದ ಅಕ್ಷರದ ಫಾಂಟೇ ಇರಬೇಕಾಗಿತ್ತು. ಇಲ್ಲದಿದ್ದರೆ ಪರದೆಯ ತುಂಬ ಡಾಲರು, ಕೊಂಬು, ಬಾಲ, ಪ್ರಶ್ನಾರ್ಥಕ. ಎಚ್.ಡಿ. ಕೋಟೆ ಕೇಂದ್ರದ ಕಂಪ್ಯೂಟರಿನಲ್ಲಿ ಆ ಫಾಂಟು ಇರಲಿಲ್ಲ.

ಕೋಟೆಯಲ್ಲಿ ಒಬ್ಬರು ನಿವೃತ್ತ ಪ್ರೊಫೆಸರ್ ಇದ್ದರು. ಶಾಸನ ಓದುವುದರಲ್ಲಿ ಎತ್ತಿದ ಕೈ. ಊರೂರು ಸುತ್ತಿ, ಹೊಲದ ಬದುವಿನ ಕಲ್ಲು, ಒಗೆಯುವ ಕಲ್ಲು, ದನ ಕಟ್ಟುವ ಕಲ್ಲು ಎಲ್ಲವನ್ನೂ ತಿರುಗಿಸಿ ನೋಡಿದವರು. ಒಂದು ದಿನ ಅವರು ನಮ್ಮ ಕೊಠಡಿಗೆ ಬಂದರು. ಕೈಯಲ್ಲಿ ಭೂತಗನ್ನಡಿ, ಒಂದು ಪ್ರಿಂಟು. ಪ್ರಿಂಟಿನ ತುಂಬ ಡಾಲರು, ಕೊಂಬು, ಬಾಲ.

"ಇದು ಕೋಟೆ ಕೇಂದ್ರದಲ್ಲಿ ಸಿಕ್ಕಿತು," ಎಂದರು ಗಂಭೀರವಾಗಿ. "ಯಾವ ಕಾಲದ್ದು?"

"ಮೊನ್ನೆ ಸೋಮವಾರದ್ದು ಸಾರ್," ಎಂದ ಪ್ರೋಗ್ರಾಮರ್.

ಫಾಂಟಿನ ವಿಷಯವನ್ನು ಬಾಸು ವಿವರಿಸಿ ಕ್ಷಮೆ ಕೇಳಿದರು. ಪ್ರೊಫೆಸರರು ಕೈ ಅಡ್ಡ ಹಿಡಿದರು. "ಕ್ಷಮೆ ಯಾಕ್ರೀ? ನಾನಿದನ್ನ ಓದಿ ಆಯ್ತು."

ನಾವು ಮೂವರೂ ಎದ್ದು ನಿಂತೆವು.

"ಕಷ್ಟವೇನಲ್ಲ. ಪ್ರತಿ ವಾಕ್ಯದ ಕೊನೆಗೂ ಒಂದೇ ಗುರುತುಗಳ ಗುಂಪು ಬರ್ತಿದೆ ನೋಡಿ, ಈ ಡಾಲರು, ಈ ಬಾಲ, ಮತ್ತೆ ಡಾಲರು. ಆಫೀಸಿನೋರು ಬರೆದದ್ದು ಅಂತ ಗೊತ್ತಿತ್ತು. ನಮ್ಮ ಆಫೀಸಿನೋರು ಪ್ರತಿ ವಾಕ್ಯದ ಕೊನೆಗೂ ಬರೆಯೋದು ಏನನ್ನ? 'ತಕ್ಕದ್ದಲ್ಲ'! ಆ ಒಂದು ಪದ ಸಿಕ್ಕಿದ ಮೇಲೆ ಉಳಿದದ್ದು ತಾನಾಗೇ ಬಿಚ್ಚಿಕೊಳ್ತು." ಕನ್ನಡಕ ಸರಿಮಾಡಿಕೊಂಡು, ಶಾಸನ ಓದುವ ರಾಗದಲ್ಲೇ ಓದಿದರು: "ವಿದ್ಯಾರ್ಥಿನಿಲಯದ ವಾಸಿಗಳು ಒದ್ದೆ ಬಟ್ಟೆಗಳನ್ನು ಮೊಗಸಾಲೆಯಲ್ಲಿ ಒಣಹಾಕತಕ್ಕದ್ದಲ್ಲ. ಸಾರನ್ನು ಬಕೀಟಿನಲ್ಲಿ ಕೊಠಡಿಗೆ ಒಯ್ಯತಕ್ಕದ್ದಲ್ಲ."

ಪ್ರೋಗ್ರಾಮರ್ ನಮ್ಮ ಕಂಪ್ಯೂಟರಿನಲ್ಲಿ ಆ ಪುಟ ತೆರೆದ. ಅಕ್ಷರಕ್ಕೆ ಅಕ್ಷರ ಸರಿಯಿತ್ತು. ಬಾಸು ಕೈಮುಗಿದರು. ಫಾಂಟಿನ ಫ್ಲಾಪಿಯನ್ನು ಕೊಡಲು ಹೋದರೆ ಪ್ರೊಫೆಸರರು ಮುಟ್ಟಲಿಲ್ಲ.

"ಬೇಡ್ರೀ. ಅದನ್ನ ಹಾಕಿಬಿಟ್ರೆ ಬರೀ ಓದೋದಷ್ಟೇ ಆಗುತ್ತೆ. ಉಳಿದ ಪುಟಗಳನ್ನೂ ಹೀಗೇ ಕಳಿಸಿ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಅಂದ ಹಾಗೆ, ಮೂರನೇ ಸಾಲಿನಲ್ಲಿ ಒಂದು ಡಾಲರು ಜಾಸ್ತಿ ಬಿದ್ದಿದೆ. ಅದು ಕಾಗುಣಿತ ತಪ್ಪು. ತಿದ್ದಿಬಿಡಿ."

ನೋಡಿದೆವು. ತಪ್ಪೇ ಆಗಿತ್ತು.

೪. ಒಂದು ಲಕ್ಷದ ಮೈಸೂರುಪಾಕು

ಪುಟದ ಅಡಿಯಲ್ಲಿ ಎಷ್ಟು ಜನ ನೋಡಿದರು ಎಂದು ತೋರಿಸುವ ಮೀಟರು ಇರುತ್ತಿತ್ತು. ಅದನ್ನು ಹಾಕಿಕೊಟ್ಟದ್ದೇ ತಡ, ಕೇಂದ್ರಗಳ ನಡುವೆ ಕುಸ್ತಿ ಶುರುವಾಯಿತು. ಕೆ.ಆರ್. ನಗರ ಕೇಂದ್ರದ ನಿರ್ದೇಶಕರಂತೂ ಹೋಗುವವರು ಬರುವವರನ್ನೆಲ್ಲ ಕೂರಿಸಿ ತಮ್ಮ ಪುಟ ತೆರೆಸುತ್ತಿದ್ದರು. ಅಂಚೆಯವನೂ ನೋಡಿದ, ಹಾಲಿನವಳೂ ನೋಡಿದಳು.

ಮೀಟರು ಲಕ್ಷ ಮುಟ್ಟುವ ದಿನ ನಿರ್ದೇಶಕರು ಮೈಸೂರುಪಾಕು ತರಿಸಿ, ಸಿಬ್ಬಂದಿಯನ್ನೆಲ್ಲ ಕಂಪ್ಯೂಟರಿನ ಸುತ್ತ ನಿಲ್ಲಿಸಿ, ತಾವೇ ಕೊನೆಯ ಬಾರಿ ಒತ್ತಿದರು. ನಾವು ಆ ಮೀಟರಿಗೆ ಕೊಟ್ಟಿದ್ದದ್ದು ಐದೇ ಅಂಕಿಯ ಜಾಗ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆದಮೇಲೆ ಅದು ಐದು ಸೊನ್ನೆ ತೋರಿಸಿತು.

ಫೋನು ಬಂತು. ದನಿ ಬಿದ್ದುಹೋಗಿತ್ತು. "ಮೇಡಂ, ನಮ್ಮ ಜನವೆಲ್ಲ ಎಲ್ಲಿ ಹೋದ್ರು?"

"ಎಲ್ಲೂ ಹೋಗಿಲ್ಲ ಸಾರ್, ಮೈಸೂರುಪಾಕು ಹಂಚಿ. ಅಷ್ಟರಲ್ಲಿ ಕರೆಸ್ತೀವಿ," ಎಂದೆ. ಪ್ರೋಗ್ರಾಮರ್ ಕೂತಲ್ಲೇ ಆ ಸೊನ್ನೆಗಳ ಮುಂದೆ ಒಂದು ಅಂಕಿಯನ್ನು ಸೇರಿಸಿದ. ಒಂದು ಲಕ್ಷ ಆಯಿತು. ಅತ್ತ ಚಪ್ಪಾಳೆ ಕೇಳಿಸಿತು.

ಮಧ್ಯಾಹ್ನದೊಳಗೆ ಸುದ್ದಿ ಪಿರಿಯಾಪಟ್ಟಣ ಮುಟ್ಟಿತ್ತು. ಅಲ್ಲಿನ ನಿರ್ದೇಶಕರು ಫೋನ್ ಮಾಡಿ ಬಹಳ ವಿನಯದಿಂದ ಹೇಳಿದರು, "ನಮ್ಮದಕ್ಕೂ ಮುಂದೆ ಒಂದು ಅಂಕಿ ಹಾಕಿಕೊಡ್ರಿ. ಒಂದೇ ಆಗಬೇಕು ಅಂತೇನಿಲ್ಲ. ಒಂಬತ್ತು ಇದ್ರೂ ನಡೆಯುತ್ತೆ."

೫. ರಿಫ್ರೆಶ್ ಮಾಡ್ರಿ

ಇದ್ದಕ್ಕಿದ್ದ ಹಾಗೆ ರಿಜಿಸ್ಟ್ರಾರರಿಗೆ ಒಂದು ಯೋಚನೆ ಬಂತು. ವೆಬ್ ಕೆಲಸವನ್ನು ಹೊರಗಿನ ಯಾವುದಾದರೂ ಕಂಪನಿಗೆ ಕೊಟ್ಟು ನಮ್ಮ ವಿಭಾಗ ಮುಚ್ಚಿಬಿಡುವುದು. ಅದಕ್ಕೊಂದು ಸಮಿತಿ ಮಾಡಿದರು. ಅಧ್ಯಕ್ಷರು ಬೇರೆ ಊರಿನ ಹಿರಿಯ ಪ್ರಾಧ್ಯಾಪಕರು. ನಗು ಅವರ ಮುಖ ಬಿಟ್ಟು ಎಷ್ಟೋ ಕಾಲವಾಗಿತ್ತು ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ನೀವು ತೋರಿಸಿದ್ದನ್ನ ನಾನು ನೋಡಲ್ಲ. ನನಗಿಷ್ಟ ಬಂದ ವಿಭಾಗಕ್ಕೆ ಹೋಗಿ ಅಲ್ಲೇ ಕೂತು ನೋಡ್ತೀನಿ," ಎಂದರು. ಆರಿಸಿದ್ದು ಬೀಚನಹಳ್ಳಿಯ ಮೀನುಗಾರಿಕೆ ವಿಭಾಗವನ್ನು, ಕಬಿನಿ ಅಣೆಕಟ್ಟೆಯ ಪಕ್ಕದಲ್ಲಿದ್ದದ್ದು.

ಬಾಸು ಹೆದರಲಿಲ್ಲ. "ಒಳ್ಳೇದಾಯ್ತು. ಮೀನುಗಾರಿಕೆ ಪುಟ ನಾವು ಮಾಡಿದ್ದರಲ್ಲೆಲ್ಲ ಚೆನ್ನಾಗಿರೋದು," ಎಂದರು. ನಾವು ಮೂವರೂ ಮೊದಲೇ ಹೋಗಿ ಎಲ್ಲ ಸಿದ್ಧ ಮಾಡಿದೆವು. ಅಧ್ಯಕ್ಷರು ಬಂದರು, ಹಿಂದೆ ರಿಜಿಸ್ಟ್ರಾರರು. ಅಧ್ಯಕ್ಷರು ಕುರ್ಚಿಯಲ್ಲಿ ಕೂತರು. ಕರೆಂಟು ಹೋಯಿತು.

ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು, ಅಷ್ಟು ದೊಡ್ಡ ಅಣೆಕಟ್ಟೆ. ಆದರೂ ಕರೆಂಟಿಲ್ಲ. ಯುಪಿಎಸ್ಸು ಒಂದು ಸಲ 'ಕೀ' ಎಂದು ಸುಮ್ಮನಾಯಿತು. ವಿಭಾಗದ ಮುಖ್ಯಸ್ಥರು, ದಪ್ಪನೆಯ ಸಾತ್ವಿಕ ಮನುಷ್ಯ, ಬೆವರು ಒರೆಸಿಕೊಂಡರು. ರಿಜಿಸ್ಟ್ರಾರರ ಮುಖದಲ್ಲಿ ಮಾತ್ರ ಬೆಳಕಿತ್ತು. "ಹೋಗೋಣ್ವಾ ಸಾರ್?" ಎಂದರು.

"ಒಂದು ನಿಮಿಷ," ಎಂದರು ನಮ್ಮ ಬಾಸು. "ಕರೆಂಟ್ ಹೋಗಿದೆ, ನಾವು ಹೋಗಿಲ್ಲವಲ್ಲ!"

ಮುಖ್ಯಸ್ಥರು ತಿದ್ದಲೆಂದು ಅವರ ಎಲ್ಲ ಪುಟಗಳನ್ನೂ ಪ್ರಿಂಟ್ ಮಾಡಿ ತಂದಿದ್ದೆವು. ಬಾಸು ಮೊದಲ ಪುಟವನ್ನು ಟೇಪು ಹಾಕಿ ಮಾನಿಟರಿನ ಮೇಲೇ ಅಂಟಿಸಿದರು. ಮಿಕ್ಕ ಪುಟಗಳನ್ನು ನಾನು ಬಾಗಿಲು ತೆರೆದಿದ್ದ ಪಕ್ಕದ ಕೋಣೆಯಲ್ಲಿ, ಮೀನಿನ ಬಾಟಲಿಗಳ ನಡುವೆ ಹರಡಿಕೊಂಡು ನಿಂತೆ. ನಡುವೆ ಓಡಲು ಪ್ರೋಗ್ರಾಮರ್. ಉದ್ದ ಕಾಲಿನವನು, ಕೊಡಗಿನ ಗಡಿಯವನು, ಹಾಕಿ ಆಡಿದ ದೇಹ.

"ಎಲ್ಲಿ ಬೇಕಾದ್ರೂ ಕ್ಲಿಕ್ ಮಾಡಿ ಸಾರ್," ಎಂದರು ಬಾಸು.

ಅಧ್ಯಕ್ಷರು ಬಾಸಿನ ಮುಖವನ್ನೊಮ್ಮೆ ನೋಡಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಸತ್ತು ಬಿದ್ದಿದ್ದ ಮೌಸನ್ನು ಕೈಗೆ ತೆಗೆದುಕೊಂಡು, ಕಾಗದದ ಮೇಲಿನ 'ಸಂಶೋಧನೆ' ಎಂಬಲ್ಲಿ ಕಣ್ಣಿಟ್ಟು, ಟಿಕ್ ಎಂದು ಒತ್ತಿದರು. "ಸಂಶೋಧನೆ!" ಎಂದು ಕೂಗಿದರು ಬಾಸು. ಪ್ರೋಗ್ರಾಮರ್ ಓಡಿ ಬಂದ, ನಾನು ಪುಟ ಕೊಟ್ಟೆ, ಅವನು ಓಡಿಹೋಗಿ ಅಂಟಿಸಿದ. ಅಧ್ಯಕ್ಷರು ಓದಿದರು. ಮತ್ತೆ ಟಿಕ್. "ಪ್ರವೇಶ!" ಓಡಿ ಬಂದ, ಓಡಿಹೋದ. "ಬ್ಯಾಕ್," ಎಂದರು ಅಧ್ಯಕ್ಷರು. ಅವನು ಬೆನ್ನು ತಿರುಗಿಸದೆ ಹಿಂದಕ್ಕೇ ನಡೆದು ಬಂದ. ಯಾಕೆ ಹಾಗೆ ಬಂದನೋ ಅವನಿಗೇ ಗೊತ್ತಿಲ್ಲ.

ಆಮೇಲೆ 'ಮುಖ್ಯಸ್ಥರು' ಎಂಬಲ್ಲಿ ಒತ್ತಿದರು. ಅವಸರದಲ್ಲಿ ನಾನು ಕೊಟ್ಟದ್ದು ಪಕ್ಕದಲ್ಲಿದ್ದ ಕಾಟ್ಲಾ ಮೀನಿನ ಪುಟ. ಅಧ್ಯಕ್ಷರು ಗಟ್ಟಿಯಾಗಿ ಓದತೊಡಗಿದರು: "ದೊಡ್ಡ ತಲೆ. ಅಗಲವಾದ ಬಾಯಿ. ಸದಾ ಮೇಲ್ನೀರಿನಲ್ಲೇ ವಾಸ. ಸಿಕ್ಕಿದ್ದನ್ನೆಲ್ಲ ತಿಂದು ಬಹುಬೇಗ ತೂಕ ಹೆಚ್ಚಿಸಿಕೊಳ್ಳುತ್ತದೆ."

ಎಲ್ಲರೂ ಮುಖ್ಯಸ್ಥರ ಕಡೆ ನೋಡಿದರು. ಮುಖ್ಯಸ್ಥರು ಹೊಟ್ಟೆ ಒಳಗೆ ಎಳೆದುಕೊಂಡರು.

ಅಧ್ಯಕ್ಷರು ಮುಖದ ಒಂದು ಗೆರೆಯೂ ಅಲ್ಲಾಡದಂತೆ ಹೇಳಿದರು, "ರಿಫ್ರೆಶ್ ಮಾಡ್ರಿ."

ಪ್ರೋಗ್ರಾಮರ್ ಮೀನನ್ನು ಕಿತ್ತುಕೊಂಡು ಓಡಿದ. ಈ ಸಲ ಸರಿಯಾದ ಪುಟ ತಂದು ಅಂಟಿಸಿ, ಏದುಸಿರು ಬಿಡುತ್ತಾ ಗೋಡೆಗೆ ಒರಗಿದ. ಅಧ್ಯಕ್ಷರು ಮತ್ತೆ ಟಿಕ್ ಎನಿಸಿದರು. ಅವನು ಅಲ್ಲಾಡಲಿಲ್ಲ. ಟಿಕ್, ಟಿಕ್. ಊಹೂಂ.

"ಹ್ಯಾಂಗ್ ಆಗಿದೆ," ಎಂದರು ಅಧ್ಯಕ್ಷರು. "ನೀರು ಕೊಡ್ರಿ, ರೀಸ್ಟಾರ್ಟ್ ಆಗ್ತಾನೆ."

ಮೊದಲು ಯಾರು ನಕ್ಕರೋ ತಿಳಿಯದು. ಮುಖ್ಯಸ್ಥರ ಹೊಟ್ಟೆ ಮತ್ತೆ ಹೊರಗೆ ಬಂದು ಕುಣಿಯುತ್ತಿತ್ತು. ನಾನು ಮೀನಿನ ಬಾಟಲಿಗಳು ಬೀಳದಂತೆ ಮೇಜು ಹಿಡಿದುಕೊಂಡಿದ್ದೆ.

ಅಷ್ಟರಲ್ಲಿ ಕರೆಂಟು ಬಂತು. ರಿಜಿಸ್ಟ್ರಾರರು ಚುರುಕಾದರು. "ಸಾರ್, ಈಗ ನಿಜವಾದ್ದು ನೋಡಿ!" ಎಂದು ಕಾಗದ ಕಿತ್ತುಹಾಕಿ ಕಂಪ್ಯೂಟರ್ ಹಾಕಿಸಿದರು. ಮೋಡೆಮ್ಮು ಕೆಮ್ಮಿ, ಕಿರುಚಿ, ಹೇಗೋ ಲೈನು ಹಿಡಿಯಿತು. ಮುಖ್ಯಸ್ಥರ ಪುಟ ಬರತೊಡಗಿತು. ಆಗಿನ ಇಂಟರ್ನೆಟ್ಟಿನಲ್ಲಿ ಫೋಟೋ ಎಂದರೆ ಮೇಲಿನಿಂದ ಒಂದೊಂದೇ ಗೆರೆ ಇಳಿಯಬೇಕು. ಮೊದಲು ಒಂದಿಷ್ಟು ನೀಲಿ ಬಂತು. ಕಾದೆವು. ಆಮೇಲೆ ನುಣ್ಣಗೆ, ದುಂಡಗೆ, ಬಿಸಿಲಿಗೆ ಹೊಳೆಯುವಂಥದ್ದೊಂದು ಮೆಲ್ಲಗೆ ಮೂಡಿತು.

"ಇದೇನು, ಜಲಾಶಯವಾ?" ಎಂದರು ಅಧ್ಯಕ್ಷರು.

"ಅಲ್ಲ ಸಾರ್, ನನ್ನ ತಲೆ," ಎಂದರು ಮುಖ್ಯಸ್ಥರು.

ಕಾದೆವು. ಕಾಫಿ ಬಂತು, ಕುಡಿದೆವು. ಹಣೆ ಮುಗಿದು ಒಂದು ಹುಬ್ಬು ಬಂತು. "ಇನ್ನೇನು ಕಣ್ಣು ಬಂದ್ಬಿಡುತ್ತೆ ಸಾರ್," ಎಂದು ಮುಖ್ಯಸ್ಥರು ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು. ಅಲ್ಲಿಗೆ ಲೈನು ಕಟ್ಟಾಯಿತು.

ಅಧ್ಯಕ್ಷರು ಕಾಫಿ ಲೋಟ ಕೆಳಗಿಟ್ಟು ರಿಜಿಸ್ಟ್ರಾರರ ಕಡೆ ತಿರುಗಿದರು. "ಹೊರಗಿನ ಕಂಪನಿ ಗಿಂಪನಿ ಏನೂ ಬೇಡ ಕಣ್ರೀ. ಆ ಓಡೋ ಹುಡುಗನ್ನೇ ಕರೀರಿ. ಊಟದೊಳಗೆ ಇವರ ಮೂಗು, ಬಾಯಿ ನೋಡಿ ಮುಗಿಸಬೇಕು."